ನಮ್ಮ ಕಾಲದ ನಂತರ ಧರ್ಮಸಭೆ



ಮನೆಗಳ ಆಶೀರ್ವಾದಕ್ಕೆಂದು ಹೋಗಿದ್ದಾಗ ಒಬ್ಬ ಹಿರಿಯ ತಾಯಿ ನನ್ನನ್ನು ಕೇಳಿದ ಪ್ರಶ್ನೆಯಿಂದಲೇ ಈ ಪಾಠವನ್ನು ಆರಂಭಿಸುತ್ತೇನೆ. ಆಕೆಯ ಇಬ್ಬರು ಗಂಡುಮಕ್ಕಳೂ ದೂರದ ಊರುಗಳಲ್ಲಿದ್ದಾರೆ. ಮೊಮ್ಮಕ್ಕಳು ರಜೆಗೆ ಬಂದರೆ ಶಿಲುಬೆಯ ಗುರುತನ್ನೂ ಸರಿಯಾಗಿ ಹಾಕಲಾರರು. ತೀರ್ಥ ಚಿಮುಕಿಸಿ ಹೊರಡುತ್ತಿದ್ದವನನ್ನು ತಡೆದು ಆಕೆ ಕೇಳಿದರು: "ಸ್ವಾಮಿ, ನಾವು ನಾಲ್ಕು ಜನ ಮುದುಕರು ಹೋದ ಮೇಲೆ ಈ ಗುಡೀಗೆ ಬೀಗ ಹಾಕ್ತೀರಾ?"

ನಾನು ಒಡನೆಯೇ ಮತ್ತಾಯನ ಶುಭಸಂದೇಶದ ಹದಿನಾರನೆಯ ಅಧ್ಯಾಯವನ್ನು ನೆನಪಿಸಿದೆ. ಪೇತ್ರನೆಂಬ ಬಂಡೆಯ ಮೇಲೆ ಕಟ್ಟಿದ ಧರ್ಮಸಭೆಯನ್ನು ಪಾತಾಳದ ಶಕ್ತಿಗಳು ಜಯಿಸಲಾರವೆಂದು ಪ್ರಭುವೇ ಹೇಳಿರುವಾಗ ಭಯವೇಕಮ್ಮ ಎಂದೆ. ಆಕೆ ಮರ್ಯಾದೆಗೆ ತಲೆಯಾಡಿಸಿದರು. ಆದರೆ ದಾರಿಯುದ್ದಕ್ಕೂ ನನ್ನ ಮನಸ್ಸು ಚುಚ್ಚುತ್ತಲೇ ಇತ್ತು. ಆಕೆ ಕೇಳಿದ್ದು ತನ್ನ ಊರಿನ ಗುಡಿಯ ಬಗ್ಗೆ, ತನ್ನ ಮೊಮ್ಮಕ್ಕಳ ಬಗ್ಗೆ. ನಾನು ಕೊಟ್ಟ ಉತ್ತರ ಮಾತ್ರ ಬೇರಾವುದೋ ಪ್ರಶ್ನೆಗೆ ಸಲ್ಲುವಂಥದ್ದು.

ಪ್ರಭು ಕೊಟ್ಟ ಮಾತು ಯಾವುದು?

ಈ ವಾಗ್ದಾನವನ್ನು ನಾವು ಪ್ರಬೋಧನೆಗಳಲ್ಲಿ ಎಷ್ಟು ಸಲ ಕೇಳಿಲ್ಲ! ಆದರೆ ಅದನ್ನು ನಿಧಾನವಾಗಿ ಓದಿ ನೋಡಿ. ಪ್ರಭು 'ನನ್ನ ಧರ್ಮಸಭೆ' ಎಂದು ಹೇಳುತ್ತಾರೆ. ಆ ಮಾತು ಇಡೀ ಧರ್ಮಸಭೆಗೆ ಕೊಟ್ಟದ್ದು. ಇಂಥ ಊರಿನ, ಇಂಥ ದೇಶದ ಸಭೆ ಲೋಕಾಂತ್ಯದವರೆಗೆ ಇದ್ದೇ ಇರುತ್ತದೆಂದು ಅವರು ಎಲ್ಲೂ ಹೇಳಿಲ್ಲ. ಪವಿತ್ರ ಬೈಬಲಿನ ಕಟ್ಟಕಡೆಯ ಗ್ರಂಥದಲ್ಲಿ ಇದೇ ಪ್ರಭು ಎಫೆಸದ ಸಭೆಗೆ, ನೀನು ಮನಸ್ಸು ಬದಲಾಯಿಸಿಕೊಳ್ಳದಿದ್ದರೆ ನಿನ್ನ ದೀಪಸ್ತಂಭವನ್ನು ಅದರ ಸ್ಥಳದಿಂದ ತೆಗೆದುಬಿಡುತ್ತೇನೆಂದು ಎಚ್ಚರಿಸುತ್ತಾರೆ. ಆ ಗ್ರಂಥದಲ್ಲಿ ಪತ್ರ ಪಡೆದ ಏಳು ಸಭೆಗಳಿದ್ದ ನಾಡು ಇಂದಿನ ಟರ್ಕಿ ದೇಶದಲ್ಲಿದೆ. ಎಫೆಸದಲ್ಲಿ ಇಂದು ಪ್ರವಾಸಿಗರು ನೋಡುವುದು ಕಲ್ಲುಕಂಬಗಳನ್ನು.

ಉತ್ತರ ಆಫ್ರಿಕದ ಕತೆಯೂ ಹಾಗೆಯೇ. ಸಂತ ಅಗಸ್ಟೀನರ ಕಾಲದಲ್ಲಿ ಅಲ್ಲಿ ನೂರಾರು ಧರ್ಮಾಧ್ಯಕ್ಷರಿದ್ದರು. 430ರಲ್ಲಿ ಅಗಸ್ಟೀನರು ಮರಣಶಯ್ಯೆಯಲ್ಲಿದ್ದಾಗ ಅವರ ಹಿಪ್ಪೋ ನಗರವನ್ನು ವಾಂಡಲರು ಮುತ್ತಿದ್ದರು. ಮುಂದಿನ ಕೆಲವು ಶತಮಾನಗಳಲ್ಲಿ ಆ ಮಹಾಸಭೆ ಹೆಚ್ಚುಕಡಿಮೆ ಅಳಿದೇಹೋಯಿತು. ಅಗಸ್ಟೀನರ ಪುಸ್ತಕಗಳು ಉಳಿದವು. ಅವರು ಬಲಿಪೂಜೆ ಅರ್ಪಿಸುತ್ತಿದ್ದ ಜನ ಉಳಿಯಲಿಲ್ಲ.

ಇದನ್ನು ನಾನು ನಿಮ್ಮನ್ನು ಹೆದರಿಸಲೆಂದು ಬರೆಯುತ್ತಿಲ್ಲ. ಆದರೆ 'ದೇವರು ನೋಡಿಕೊಳ್ಳುತ್ತಾನೆ' ಎಂಬ ಮಾತನ್ನು ನಾವು ಎಷ್ಟೋ ಸಲ ಸೋಮಾರಿತನಕ್ಕೆ ಹೊದಿಸುವ ಕಂಬಳಿಯಾಗಿ ಬಳಸುತ್ತೇವೆ. ದೇವರು ಹೇಗೆ ನೋಡಿಕೊಳ್ಳುತ್ತಾನೆ, ಯಾರ ಕೈಯಿಂದ ನೋಡಿಕೊಳ್ಳುತ್ತಾನೆ ಎಂಬುದನ್ನು ಕೇಳುವುದೇ ಇಲ್ಲ. ಅದನ್ನು ಕೇಳಿದವರಿಗೆ ಜಪಾನ್ ದೇಶದ ಧರ್ಮಸಭೆಗಿಂತ ಒಳ್ಳೆಯ ಪಾಠ ಸಿಗಲಾರದು.

ಗುರುಗಳಿಲ್ಲದ ಇನ್ನೂರು ವರ್ಷ

ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಝೇವಿಯರ್ 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಜಪಾನಿನ ಕಾಗೊಶಿಮ ಬಂದರಿನಲ್ಲಿ ಇಳಿದರು. ಅವರ ಜೊತೆಗಿದ್ದ ಅಂಜಿರೋ ಎಂಬ ಜಪಾನಿಯು ಗೋವೆಯಲ್ಲೇ ಜ್ಞಾನಸ್ನಾನ ಪಡೆದವನು. ಆರು ದಶಕಗಳಲ್ಲಿ ಅಲ್ಲಿನ ಕ್ರೈಸ್ತರ ಸಂಖ್ಯೆ ಮೂರು ಲಕ್ಷದ ಹತ್ತಿರಕ್ಕೆ ಬೆಳೆದಿತ್ತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಆದರೆ ಗಾಳಿ ತಿರುಗಿತು. 1587ರಲ್ಲಿ ಮಿಷನರಿಗಳು ದೇಶ ಬಿಡಬೇಕೆಂದು ಹಿದೆಯೋಶಿ ಆಜ್ಞೆ ಹೊರಡಿಸಿದ. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಝಾಕ ಗುಡ್ಡದ ಮೇಲೆ 26 ಜನರನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಮುಂಬಯಿ ಬಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯ ಒಬ್ಬರು. ಮೊದಲು ವ್ಯಾಪಾರಿಯಾಗಿದ್ದು ಬಳಿಕ ಫ್ರಾನ್ಸಿಸ್ಕನ್ ಸಹೋದರರಾದ ಅವರನ್ನು 1862ರಲ್ಲಿ ಸಂತರೆಂದು ಘೋಷಿಸಲಾಯಿತು. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲ ಸಂತರು ಅವರೇ. ನಮ್ಮ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲವೆಂಬುದು ನಮ್ಮ ಧರ್ಮೋಪದೇಶ ತರಗತಿಗಳ ಕೊರತೆ.

1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ವಿಶ್ವಾಸವನ್ನು ನಿಷೇಧಿಸಲಾಯಿತು. ಪ್ರತಿ ಕುಟುಂಬವೂ ಬೌದ್ಧ ದೇಗುಲದಲ್ಲಿ ಹೆಸರು ನೋಂದಾಯಿಸಬೇಕು. ನಾಗಸಾಕಿಯ ಸೀಮೆಯಲ್ಲಿ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಸಾಲಾಗಿ ಬಂದು, ಕ್ರಿಸ್ತನ ಅಥವಾ ಮರಿಯಮ್ಮನವರ ರೂಪವಿದ್ದ ಹಲಗೆಯನ್ನು ಕಾಲಿನಿಂದ ತುಳಿಯಬೇಕು. ಅಳುಕಿದವರಿಗೆ ಸೆರೆ, ಚಿತ್ರಹಿಂಸೆ, ಮರಣ. 1644ರಲ್ಲಿ ಕೊನೆಯ ಗುರು ಮಾನ್ಸಿಯೋ ಕೊನಿಶಿ ರಕ್ತಸಾಕ್ಷಿಯಾದರು. ಅಲ್ಲಿಂದ ಮುಂದೆ ಇನ್ನೂರಕ್ಕೂ ಹೆಚ್ಚು ವರ್ಷ ಆ ಜನರ ನಡುವೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ, ಧರ್ಮಾಧ್ಯಕ್ಷರಿಲ್ಲ, ಅಚ್ಚಾದ ಬೈಬಲ್ ಇಲ್ಲ.

ಒಂದು ಕ್ಷಣ ನಿಂತು ಯೋಚಿಸಿ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ನಮ್ಮ ದೇವಾಲಯಗಳ ಬಾಗಿಲು ಮುಚ್ಚಿದಾಗ, ಕೆಲವೇ ತಿಂಗಳಲ್ಲಿ ನಮ್ಮಲ್ಲಿ ಎಷ್ಟು ಮನೆಗಳ ಪ್ರಾರ್ಥನೆ ನಿಂತುಹೋಯಿತು? ಬಾಗಿಲು ತೆರೆದ ಮೇಲೆ ಎಷ್ಟು ಜನರ ಕಾಲು ಮತ್ತೆ ಆ ಕಡೆ ತಿರುಗಲಿಲ್ಲ? ಅದು ಕೆಲವು ತಿಂಗಳ ಮಾತು, ಇದು ಏಳು ತಲೆಮಾರಿನ ಮಾತು.

ಆ ಜನ ಮಾಡಿಕೊಂಡ ಏರ್ಪಾಡು ಏನು? ನಾಗಸಾಕಿಯ ಹತ್ತಿರದ ಉರಕಾಮಿ ಕಣಿವೆಯ ಬಡ ರೈತರು ತಮ್ಮೊಳಗೇ ಕೆಲಸ ಹಂಚಿಕೊಂಡರು. ಒಬ್ಬ ಪಂಚಾಂಗ ನೋಡಿಕೊಳ್ಳುವವನು: ಯಾವ ದಿನ ಹಬ್ಬ, ಯಾವ ದಿನ ಉಪವಾಸ ಎಂದು ಲೆಕ್ಕ ಹಾಕುವುದು ಅವನ ಹೊಣೆ. ಇನ್ನೊಬ್ಬ ನೀರಿನವನು, ಎಂದರೆ ಕೂಸುಗಳಿಗೆ ಜ್ಞಾನಸ್ನಾನ ಕೊಡುವವನು. ಮತ್ತೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸುವವನು. ಅವರ ಪಂಚಾಂಗಕ್ಕೆ ಬಾಸ್ಟಿಯನ್ ಎಂಬ ಜಪಾನೀ ಉಪದೇಶಿಯ ಹೆಸರಿತ್ತು. ರಕ್ತಸಾಕ್ಷಿಯಾಗುವ ಮುನ್ನ ಆತ, ಏಳು ತಲೆಮಾರು ಕಳೆದ ಮೇಲೆ ದೊಡ್ಡ ಹಡಗಿನಲ್ಲಿ ಪಾಪನಿವೇದನೆ ಕೇಳುವ ಗುರುಗಳು ಬರುತ್ತಾರೆಂದು ಹೇಳಿದ್ದನೆಂಬುದು ಆ ಜನರ ಪರಂಪರೆ. ಮನೆಗಳಲ್ಲಿ ಬೌದ್ಧ ದೇವತೆ ಕಾನನಳ ಪ್ರತಿಮೆ ಇಟ್ಟುಕೊಂಡು ಅದರಲ್ಲಿ ಮರಿಯಮ್ಮನವರನ್ನು ಕಂಡು ಜಪಿಸುತ್ತಿದ್ದರು. ಲತೀನ್ ಮತ್ತು ಪೋರ್ಚುಗೀಸ್ ಮಾತುಗಳು ಬೆರೆತಿದ್ದ ಪ್ರಾರ್ಥನೆಗಳು ಅಜ್ಜಿಯಿಂದ ಮೊಮ್ಮಗಳಿಗೆ ಪಿಸುಮಾತಿನಲ್ಲಿ ಇಳಿದು ಬಂದವು. ಎಷ್ಟೋ ಪದಗಳ ಅರ್ಥ ಅವರಿಗೆ ಗೊತ್ತಿರಲಿಲ್ಲ.

ಇನ್ನೂ ಒಂದು ವಿಷಯವಿದೆ. ಗುರುಗಳು ಸಿಗದಿದ್ದಾಗ ಸಂಪೂರ್ಣ ಪಶ್ಚಾತ್ತಾಪ ಪಡುವುದು ಹೇಗೆಂದು ಕಲಿಸುವ ಚಿಕ್ಕ ಪುಸ್ತಕವೊಂದನ್ನು 1603ರಲ್ಲಿ, ಅಂದರೆ ದೇಶವ್ಯಾಪಿ ನಿಷೇಧಕ್ಕೆ ಹನ್ನೊಂದು ವರ್ಷ ಮೊದಲೇ, ಅಲ್ಲಿನ ಗುರುಗಳು ಸಿದ್ಧಪಡಿಸಿದ್ದರು. ಜನ ಅದನ್ನು ಕೈಯಿಂದ ನಕಲು ಮಾಡಿಕೊಂಡು, ಬಾಯಿಪಾಠ ಮಾಡಿ ಉಳಿಸಿಕೊಂಡರು. ವರ್ಷಕ್ಕೊಮ್ಮೆ ಹಲಗೆ ತುಳಿದು ಮನೆಗೆ ಬಂದವರು ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಆ ಪ್ರಾರ್ಥನೆಯನ್ನು ಹೇಳುತ್ತಿದ್ದರು. ಅವರೆಲ್ಲ ವೀರರಲ್ಲ, ತುಳಿದವರು. ತುಳಿದು ಅತ್ತವರು. ಪೇತ್ರನೂ ಅತ್ತವನೇ ಅಲ್ಲವೆ?

1865ರ ಒಂದು ಶುಕ್ರವಾರ

ಹತ್ತೊಂಬತ್ತನೆಯ ಶತಮಾನದ ನಡುವೆ ಜಪಾನ್ ತನ್ನ ಬಂದರುಗಳನ್ನು ವಿದೇಶೀಯರಿಗೆ ತೆರೆಯಿತು. ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ನಾಗಸಾಕಿಯ ಓವುರಾ ಎಂಬಲ್ಲಿ ವಿದೇಶೀಯರಿಗಾಗಿ ದೇವಾಲಯ ಕಟ್ಟಿದರು. ಅದನ್ನು 26 ರಕ್ತಸಾಕ್ಷಿಗಳ ಹೆಸರಿಗೆ ಅರ್ಪಿಸಿ 1865ರ ಫೆಬ್ರವರಿಯಲ್ಲಿ ಉದ್ಘಾಟಿಸಿದರು. ಜಪಾನೀಯರಿಗೆ ನಿಷೇಧ ಇನ್ನೂ ಜಾರಿಯಲ್ಲಿತ್ತು.

ಅದೇ ವರ್ಷ ಮಾರ್ಚ್ 17, ಶುಕ್ರವಾರದ ಮಧ್ಯಾಹ್ನ. ಗುರು ಬರ್ನಾರ್ಡ್ ಪೆತಿಜಾನರು ಬಾಗಿಲ ಬಳಿ ಹದಿನೈದರಷ್ಟು ಜನ ಗಂಡಸರು, ಹೆಂಗಸರು, ಮಕ್ಕಳು ನಿಂತಿರುವುದನ್ನು ಕಂಡರು. ಬಾಗಿಲು ತೆರೆದು, ಒಳಗೆ ಹೋಗಿ ಪ್ರಾರ್ಥಿಸಲು ಮಂಡಿಯೂರಿದರು. ಒಬ್ಬ ನಡುವಯಸ್ಸಿನ ಹೆಂಗಸು ಹತ್ತಿರ ಬಂದು, ಎದೆಯ ಮೇಲೆ ಕೈಯಿಟ್ಟು, ತಮ್ಮೆಲ್ಲರ ಹೃದಯವೂ ನಿಮ್ಮ ಹೃದಯದಂತೆಯೇ ಇದೆ ಎಂದು ಮೆಲ್ಲಗೆ ಹೇಳಿದಳು. ಆಮೇಲೆ, ಸಾಂತಾ ಮಾರಿಯಾಳ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಮುಂದೆ ಬಂದ ಇತರರು ರೋಮಿನ ದೊಡ್ಡ ಗುರುವಿನ ವಿಷಯ ವಿಚಾರಿಸಿದರು. ನಿಮಗೆ ಹೆಂಡತಿ ಮಕ್ಕಳಿದ್ದಾರೆಯೇ ಎಂದೂ ಕೇಳಿದರು. ಇವರು ತಮ್ಮ ಪೂರ್ವಿಕರು ಹೇಳಿದ ಗುರುಗಳೇ ಹೌದೋ ಅಲ್ಲವೋ ಎಂದು ತಿಳಿಯಲು ಅವರ ಬಳಿಯಿದ್ದ ಒರೆಗಲ್ಲು ಇವೇ.

ನನ್ನನ್ನು ಹೆಚ್ಚು ಮುಟ್ಟಿದ್ದು ಬೇರೊಂದು ಸಣ್ಣ ವಿವರ. ಆ ಜನ ಪೆತಿಜಾನರಿಗೆ, ಇದು ನಮ್ಮ ದುಃಖಕಾಲ, ಇಂದು ಅದರ ಹದಿನೇಳನೆಯ ದಿನ ಎಂದು ತಿಳಿಸಿದರಂತೆ. ಲೆಕ್ಕ ಹಾಕಿ ನೋಡಿ. ಆ ವರ್ಷ ಪಾಸ್ಖ ಹಬ್ಬ ಬಿದ್ದದ್ದು ಏಪ್ರಿಲ್ 16ರಂದು. ಹಾಗಾದರೆ ವಿಭೂತಿ ಬುಧವಾರ ಮಾರ್ಚ್ 1. ಮಾರ್ಚ್ 17 ತಪಃಕಾಲದ ಸರಿಯಾಗಿ ಹದಿನೇಳನೆಯ ದಿನ! ಎರಡು ಶತಮಾನ ಗುರುಗಳ ಮುಖ ಕಾಣದೆ, ಪಾಸ್ಖ ಹಬ್ಬದಂತಹ ವರ್ಷವರ್ಷಕ್ಕೂ ಸರಿಯುವ ಹಬ್ಬವನ್ನು ಒಂದು ದಿನವೂ ತಪ್ಪದಂತೆ ಎಣಿಸಿಕೊಂಡು ಬಂದಿದ್ದರು, ಓದುಬರಹ ಅಷ್ಟಕ್ಕಷ್ಟೇ ಇದ್ದ ಆ ರೈತರು. ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ನಾನು ಪಾಸ್ಖ ಯಾವಾಗ ಎಂದು ತಿಳಿಯಲು ಈಗಲೂ ಗೋಡೆಯ ಕ್ಯಾಲೆಂಡರಿನತ್ತ ನೋಡುತ್ತೇನೆ.

ದೇವರ ಕೈಯೋ, ಮನುಷ್ಯರ ಕೈಯೋ?

ಈಗ ನಮ್ಮ ಪಾಠದ ತಿರುಳಿಗೆ ಬರೋಣ. ಉರಕಾಮಿಯ ಸಭೆಯನ್ನು ಕಾಪಾಡಿದವರು ಯಾರು? 'ದೇವರು' ಎಂದರೆ ಸರಿ. 'ಆ ನೀರಿನವನು, ಆ ಪಂಚಾಂಗದವನು, ಆ ಅಜ್ಜಿಯರು' ಎಂದರೂ ಸರಿ. ಇವೆರಡು ಉತ್ತರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ನಮಗೆ ಅನ್ನಿಸಿದರೆ, ದೈವಪರಿಪಾಲನೆಯೆಂದರೆ ಏನೆಂದು ನಾವು ಇನ್ನೂ ಅರಿತಿಲ್ಲ.

ಸಂತ ಥಾಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ತಮ್ಮ ದೈವಶಾಸ್ತ್ರದ ಮಹಾಗ್ರಂಥದ ಮೊದಲ ಭಾಗದಲ್ಲಿ ಎತ್ತಿಕೊಳ್ಳುತ್ತಾರೆ. ದೇವರು ಎಲ್ಲವನ್ನೂ ತಾನೇ ನೇರವಾಗಿ ಮಾಡಬಹುದಲ್ಲ, ಸೃಷ್ಟಿಯ ಕೈಯಿಂದ ಏಕೆ ಮಾಡಿಸಬೇಕು? ಶಕ್ತಿ ಸಾಲದೆಂದೇ? ಅಲ್ಲ, ಎನ್ನುತ್ತಾರೆ ಅವರು. ದೇವರ ಒಳ್ಳೆಯತನ ಎಷ್ಟು ತುಂಬಿ ಹರಿಯುತ್ತದೆಂದರೆ, ತಾನು ಕಾರಣನಾಗಿರುವ ಘನತೆಯಲ್ಲಿ ತನ್ನ ಸೃಷ್ಟಿಗೂ ಪಾಲು ಕೊಡುತ್ತಾನೆ. ಅಡುಗೆಮನೆಯಲ್ಲಿ ತಾಯಿ ರೊಟ್ಟಿ ತಟ್ಟುವಾಗ ಪುಟ್ಟ ಮಗಳಿಗೂ ಒಂದು ಹಿಟ್ಟಿನ ಉಂಡೆ ಕೊಡುತ್ತಾಳಲ್ಲ, ಹಾಗೆ. ಮಗಳು ತಟ್ಟದಿದ್ದರೆ ಅಂದಿನ ಊಟ ನಿಲ್ಲುವುದಿಲ್ಲ. ಆದರೂ ಮಗಳು ತಟ್ಟಿದ ರೊಟ್ಟಿ ನಿಜವಾಗಿಯೂ ಮಗಳದೇ, ಮನೆಯವರು ಅದನ್ನು ತಿನ್ನುತ್ತಾರೆ. ಈ ಹೋಲಿಕೆ ನನ್ನದು, ಅಕ್ವಿನಾಸರದ್ದಲ್ಲ. ಕುಂದು ಕಂಡರೆ ಅವರನ್ನು ದೂರಬೇಡಿ.

ಹೋಲಿಕೆಗೆ ಒಂದು ಮಿತಿಯೂ ಇದೆ. ಇಡೀ ಧರ್ಮಸಭೆಯ ಮಟ್ಟಿಗೆ ನೋಡಿದರೆ ನಾನು ಸೋತರೂ ದೇವರ ಉದ್ದೇಶ ಸೋಲದು. ಆದರೆ ನನ್ನ ಮನೆಯ ಮಟ್ಟಿಗೆ, ನನ್ನ ಮಗುವಿನ ಮಟ್ಟಿಗೆ, ದೇವರು ಆ ಉಂಡೆಯನ್ನು ನನ್ನ ಕೈಯಲ್ಲೇ ಇಟ್ಟಿದ್ದಾನೆ. ನಾನು ಕೈ ಕಟ್ಟಿ ಕೂತರೆ ಆ ತಟ್ಟೆ ಬರಿದಾಗಿಯೇ ಉಳಿಯಬಹುದು. ಎಫೆಸದ ದೀಪಸ್ತಂಭದ ಮಾತಿನ ಅರ್ಥ ಇದೇ ಎಂದು ನನ್ನ ತಿಳುವಳಿಕೆ.

ಉರಕಾಮಿಯ ಕತೆಯನ್ನು ಪವಾಡವೆಂದು ಹೇಳಿ ಮುಗಿಸುವವರು ಒಂದು ಸಂಗತಿಯನ್ನು ಬಿಡುತ್ತಾರೆ. ಬಚ್ಚಿಟ್ಟುಕೊಂಡು ಬಾಳಿದ ಕ್ರೈಸ್ತರೆಲ್ಲರೂ ಮರಳಿ ಬರಲಿಲ್ಲ. ಇಕಿತ್ಸುಕಿ ಮುಂತಾದ ದ್ವೀಪಗಳಲ್ಲಿ ಹಲವರು ಪೂರ್ವಿಕರ ಆಚರಣೆಯನ್ನೇ ಹಿಡಿದುಕೊಂಡು ಗುರುಗಳಿಂದ ದೂರ ಉಳಿದರು. ಅಂಥವರ ಸಂಖ್ಯೆ ಈಗ ತೀರಾ ಕರಗಿದೆ. ಅವರನ್ನು ತಪ್ಪಿತಸ್ಥರೆನ್ನಲು ನನಗೆ ಮನಸ್ಸು ಬಾರದು. ಇನ್ನೂರು ವರ್ಷ ಹಿಂಸೆ ಸಹಿಸಿ ಕಾಪಾಡಿದ್ದನ್ನು, ನಿನ್ನೆ ಬಂದ ವಿದೇಶೀ ಗುರುವಿನ ಮಾತಿಗೆ ಬದಲಿಸಿಬಿಡು ಎಂದರೆ ಯಾರಿಗೆ ಸುಲಭ? ಆದರೂ ಕಾಪಾಡುವುದಷ್ಟೇ ಸಾಲದು, ಕಾಪಾಡಿದ್ದನ್ನು ಇಡೀ ಧರ್ಮಸಭೆಯ ಜೊತೆ ಸೇರಿಸಬೇಕಾಗುತ್ತದೆ ಎಂಬುದು ಅಲ್ಲಿಂದ ಕಾಣುತ್ತದೆ.

ನಂಬಿದವರಿಗೆ ನೋವಿಲ್ಲವೆಂದಲ್ಲ

ಮರಳಿ ಬಂದವರ ಗತಿಯೇನಾಯಿತು? 1867ರಲ್ಲಿ ಉರಕಾಮಿಯ ಜನ ತಮ್ಮವರ ಅಂತ್ಯಕ್ರಿಯೆಯನ್ನು ಬೌದ್ಧ ಭಿಕ್ಷುಗಳನ್ನು ಕರೆಯದೆ ತಾವೇ ಮಾಡಿದರು. ಬಂಧನ ಆರಂಭವಾಯಿತು. ಮರುವರ್ಷದಿಂದ ಸುಮಾರು 3,400 ಮಂದಿಯನ್ನು, ಅಂದರೆ ಹೆಚ್ಚುಕಡಿಮೆ ಇಡೀ ಊರನ್ನೇ, ದೇಶದ ಬೇರೆಬೇರೆ ಮೂಲೆಗಳಿಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. ಬದುಕಿ ಉಳಿದವರು ಆ ಗಡೀಪಾರನ್ನು 'ಪ್ರಯಾಣ' ಎಂದು ಕರೆದರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದಾಗ ಊರಿಗೆ ಮರಳಿ, ಯಾವ ಊರ ಯಜಮಾನನ ಅಂಗಳದಲ್ಲಿ ತಾವು ಹಲಗೆ ತುಳಿಯಬೇಕಾಗಿತ್ತೋ ಆ ಜಾಗವನ್ನೇ ಕೊಂಡರು. ಅಲ್ಲಿ 1895ರಲ್ಲಿ ದೊಡ್ಡ ದೇವಾಲಯ ಕಟ್ಟಲು ಆರಂಭಿಸಿ 1914ರಲ್ಲಿ ಮುಗಿಸಿದರು.

ಕತೆ ಇಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಪ್ರಬೋಧನೆಗೆ ಹೇಳಿ ಮಾಡಿಸಿದಂತಿರುತ್ತಿತ್ತು. ಆದರೆ 1945ರ ಆಗಸ್ಟ್ 9ರ ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಆ ದೇವಾಲಯದಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಅಣುಬಾಂಬು ಸಿಡಿಯಿತು. ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆ ಬಂದಿದ್ದವರೂ, ಅದನ್ನು ಕೇಳುತ್ತಿದ್ದ ಇಬ್ಬರು ಗುರುಗಳೂ ಒಳಗೇ ಸತ್ತರು. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಜನ ಇಲ್ಲವಾದರು. ಇನ್ನೂರು ವರ್ಷದ ಹಿಂಸೆ ಮಾಡಲಾಗದ್ದನ್ನು ಒಂದು ಕ್ಷಣ ಮಾಡಿತು. ಬಾಂಬು ಹಾಕಿದ ವಿಮಾನದವರಿಗೆ ಕ್ರೈಸ್ತ ಗುರುಗಳಿಂದ ಪಾಲನಾಸೇವೆ ಸಿಗುತ್ತಿತ್ತೆಂಬುದನ್ನೂ ನಾವು ಮರೆಮಾಚಬಾರದು.

ಆಗ ದೇವರ ಪರಿಪಾಲನೆ ಎಲ್ಲಿ ಹೋಗಿತ್ತು? ಉರಕಾಮಿಯ ಕಥೋಲಿಕ ವೈದ್ಯ ನಾಗಾಯಿ ತಕಾಶಿ ಆ ಬಾಂಬಿನಲ್ಲಿ ಹೆಂಡತಿಯನ್ನು ಕಳೆದುಕೊಂಡವರು. ಅದೇ ನವೆಂಬರಿನಲ್ಲಿ ಸತ್ತವರಿಗಾಗಿ ಅವಶೇಷಗಳ ನಡುವೆ ನಡೆದ ಬಲಿಪೂಜೆಯ ವೇಳೆ ಮಾತನಾಡುತ್ತಾ, ಉರಕಾಮಿಯನ್ನು ಯುದ್ಧದ ಪಾಪಕ್ಕಾಗಿ ದೇವರಿಗೆ ಅರ್ಪಿತವಾದ ಬಲಿಯೆಂದು ಅವರು ಕಂಡರು. ಎಲ್ಲವನ್ನೂ ಕಳೆದುಕೊಂಡವರೊಬ್ಬರು ತಮ್ಮ ದುಃಖದಲ್ಲಿ ಹಾಗೆ ಕಂಡರೆ ನಾನು ಕೈಮುಗಿಯುತ್ತೇನೆ. ಆದರೆ ಆ ಮಾತನ್ನು ಎತ್ತಿಕೊಂಡು ಇತರರ ದುಃಖಕ್ಕೆ ಹಚ್ಚಲು ನಾನು ಹಿಂಜರಿಯುತ್ತೇನೆ. ಬಾಂಬಿನಿಂದ ಬದುಕಿ ಉಳಿದವರಲ್ಲೇ ಆ ವಿವರಣೆಯನ್ನು ಒಪ್ಪದವರಿದ್ದರು. 1981ರ ಫೆಬ್ರವರಿಯಲ್ಲಿ ಹಿರೋಶಿಮಾಕ್ಕೆ ಬಂದ ಜಗದ್ಗುರು ಪೋಪ್ ಎರಡನೇ ಜಾನ್ ಪಾಲ್, ಯುದ್ಧ ಮನುಷ್ಯನ ಕೆಲಸವೆಂದು ನೇರವಾಗಿ ಹೇಳಿದರು. ದೇವರು ಕೇಡನ್ನು ಮಾಡುವವನಲ್ಲ; ಮಾಡುವ ಮನುಷ್ಯನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವವನೂ ಅಲ್ಲ. ಹಾಗಾದರೆ ಅದನ್ನು ಏಕೆ ಬಿಡುತ್ತಾನೆ ಎಂದು ಕೇಳಿದರೆ ಶಿಲುಬೆಯ ಕಡೆ ಕೈ ತೋರಿಸುವುದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ. ಪಿತನು ಕಾಪಾಡಿದ್ದೆಂದರೆ ಸುತನನ್ನು ಗಾಯವಿಲ್ಲದೆ ಕಾಪಾಡಿದ್ದಲ್ಲ. ಪುನರುತ್ಥಾನದ ದೇಹದಲ್ಲೂ ಗಾಯಗಳಿದ್ದವು.

ಉರಕಾಮಿಯ ದೇವಾಲಯವನ್ನು 1959ರಲ್ಲಿ ಮತ್ತೆ ಕಟ್ಟಿದರು. ಅವಶೇಷಗಳಲ್ಲಿ ಸಿಕ್ಕ, ಕಣ್ಣುಗಳು ಸುಟ್ಟುಹೋದ ಮರದ ಮರಿಯಮ್ಮನವರ ತಲೆ ಇಂದೂ ಅಲ್ಲಿದೆ. ಬಾಂಬಿನಲ್ಲಿ ಒಡೆದ ಚಿಕ್ಕ ಗಂಟೆಯ ಜಾಗಕ್ಕೆ ಅಮೆರಿಕದ ಕಥೋಲಿಕರು ಹೊಸ ಗಂಟೆ ಮಾಡಿಸಿಕೊಟ್ಟರು. 2025ರ ಆಗಸ್ಟ್ 9ರಂದು, ಎಂಬತ್ತು ವರ್ಷಗಳ ಬಳಿಕ ಎರಡೂ ಗಂಟೆಗಳು ಒಟ್ಟಿಗೆ ಬಾರಿಸಿದವು. ಜಪಾನಿನಲ್ಲಿ ಕಥೋಲಿಕರು ಇಂದಿಗೂ ನೂರಕ್ಕೆ ಅರ್ಧದಷ್ಟೂ ಇಲ್ಲ. ಸಂಖ್ಯೆಯೇ ದೇವರ ಆಶೀರ್ವಾದದ ಅಳತೆಗೋಲು ಎನ್ನುವವರು ಈ ಲೆಕ್ಕವನ್ನು ಹೇಗೆ ಓದುತ್ತಾರೋ ನನಗೆ ತಿಳಿಯದು.

ನಮ್ಮ ನಾಡಿನ ಒಬ್ಬ ನಿರಾಶ ಗುರು

ಪೆತಿಜಾನರ ಪ್ಯಾರಿಸ್ ಸಂಸ್ಥೆ ನಮಗೆ ಹೊಸದಲ್ಲ. ಮೈಸೂರು ಸೀಮೆಯ ಸಭೆಯನ್ನು ಸಾಕಿದ್ದೂ ಅದೇ ಸಂಸ್ಥೆಯ ಗುರುಗಳು. ಅವರಲ್ಲಿ ಅಬ್ಬೆ ದ್ಯುಬುವಾ ಹೆಸರನ್ನು ನೀವು ಕೇಳಿರಬಹುದು. 1784ರಿಂದ ಸೆರೆಯಲ್ಲಿದ್ದ ಕರಾವಳಿಯ ಕ್ರೈಸ್ತರಿಗೆ 1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಬಿಡುಗಡೆಯಾಯಿತು. ಅದೇ ವೇಳೆಗೆ ಚೆದುರಿಹೋಗಿದ್ದ ಸಭೆಯನ್ನು ಒಟ್ಟುಗೂಡಿಸಲು ದ್ಯುಬುವಾ ಈ ಕಡೆ ಬಂದರು. ದೇಶೀ ಉಡುಪು ತೊಟ್ಟು, ದೇಶೀ ಊಟ ಉಂಡು, ಹಳ್ಳಿಹಳ್ಳಿ ಸುತ್ತಿ, ಸಿಡುಬಿಗೆ ಲಸಿಕೆ ಹಾಕಿಸಿ, ಎಷ್ಟೋ ವರ್ಷ ದುಡಿದರು. ಕೊನೆಗೆ 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ವರ್ಷವೇ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ಅದರಲ್ಲಿ ಅವರು, ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಮನುಷ್ಯರ ಲೆಕ್ಕದಲ್ಲಿ ಭವಿಷ್ಯ ಕಾಣದು ಎಂಬ ತೀರ್ಮಾನಕ್ಕೆ ಬಂದಿದ್ದರು.

ಅವರು ನಿರಾಶರಾಗಿ ಹೋಗಿ ಮೂರು ದಶಕವೂ ಆಗುವ ಮೊದಲೇ, 1850ರಲ್ಲಿ, ಮೈಸೂರಿಗೆ ಪ್ರತ್ಯೇಕ ಪ್ರೇಷಿತ ಪ್ರಾಂತ್ಯದ ಸ್ಥಾನ ಸಿಕ್ಕಿತು. ಅವರು ಓಡಾಡಿದ ನೆಲದಲ್ಲಿ ಇಂದು ಒಂದಕ್ಕಿಂತ ಹೆಚ್ಚು ಧರ್ಮಕ್ಷೇತ್ರಗಳಿವೆ. ದ್ಯುಬುವಾ ಅವರ ಲೆಕ್ಕ ತಪ್ಪಾಗಿತ್ತೆಂದು ನಗಲು ಇದನ್ನು ಹೇಳುತ್ತಿಲ್ಲ. ಅವರ ಪುಸ್ತಕಕ್ಕಿಂತ ಅವರ ಕೆಲಸವೇ ದೊಡ್ಡದಾಗಿತ್ತು, ಅದು ಅವರಿಗೇ ತಿಳಿದಿರಲಿಲ್ಲ. ನಿರಾಶೆಯಲ್ಲಿದ್ದವನು ಬಿತ್ತಿದ ಬೀಜವೂ ಮೊಳೆಯುತ್ತದೆ, ಬಿತ್ತಿರಬೇಕು, ಅಷ್ಟೆ.

ಮನೆಯಲ್ಲಿ ಏನು ಮಾಡಬೇಕು?

ಇನ್ನು ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಗುಡಿಗೆ ಬೀಗ ಬೀಳುವುದೇ ಇಲ್ಲವೆಂದು ನಾನು ಬರೆದುಕೊಡಲಾರೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಕಟ್ಟಿದ ಇಗರ್ಜಿ ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವುದನ್ನು ನೀವು ನೋಡಿರಬಹುದು. ಗೋಡೆ ನಿಂತಿದೆ, ಜನ ಬೇರೆಡೆಗೆ ಹೋಗಿ ನೆಲೆಸಿದ್ದಾರೆ. ಉರಕಾಮಿಯಲ್ಲಿ ಇದಕ್ಕೆ ತಿರುವುಮುರುವು: ಇನ್ನೂರು ವರ್ಷ ಗೋಡೆಯೇ ಇರಲಿಲ್ಲ, ಜನ ಇದ್ದರು. ನಮ್ಮ ಪಾಲನಾ ಸಮಿತಿಗಳಲ್ಲಿ ಕಮಾನಿನ ಬಣ್ಣದ ಬಗ್ಗೆ ಮೂರು ಗಂಟೆ ವಾದ ನಡೆದು, ಧರ್ಮೋಪದೇಶಕ್ಕೆ ಬಾರದ ಮಕ್ಕಳ ಬಗ್ಗೆ ಮೂರು ನಿಮಿಷವೂ ಮಾತು ನಡೆಯದಿರುವಾಗ ಇದನ್ನು ನೆನೆಯುತ್ತೇನೆ.

ದೂರದಲ್ಲಿರುವ ಮೊಮ್ಮಕ್ಕಳ ವಿಷಯ ಹೇಳುವುದಾದರೆ, ರಜೆಗೆ ಬಂದಾಗ ಹತ್ತು ದಿನವಾದರೂ ನಿಮ್ಮ ಕೈಯಲ್ಲಿರುತ್ತಾರಲ್ಲ? ಒಂದು ರಜೆಗೆ ಒಂದೇ ಪ್ರಾರ್ಥನೆ ಕಲಿಸಿ. ಉಳಿದ ದಿನಗಳಲ್ಲಿ ಅದೇ ಫೋನಿನಲ್ಲಿ ಅಜ್ಜಿಯೂ ಮೊಮ್ಮಗಳೂ ರಾತ್ರಿ ಮಲಗುವ ಮುನ್ನ ಜಪಸರದ ಒಂದು ಹತ್ತನ್ನು ಒಟ್ಟಿಗೆ ಹೇಳಬಹುದು. ಅರ್ಥವಾಗದೆ ಬರಿದೆ ಬಾಯಿಪಾಠ ಮಾಡಿಸುವುದು ಸರಿಯೇ ಎಂದು ಓದಿದ ತಂದೆತಾಯಿಯರು ನನ್ನನ್ನು ಕೇಳುವುದುಂಟು. ಅರ್ಥ ಹೇಳಿಕೊಡಿ, ಒಳ್ಳೆಯದೇ. ಆದರೆ ಅರ್ಥವಾಗುವವರೆಗೆ ಕಾಯಬೇಡಿ. ಉರಕಾಮಿಯ ಅಜ್ಜಿಯರು ಕಾದಿದ್ದರೆ ಪೆತಿಜಾನರ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ.

ಗೋಡೆಯ ಮೇಲೆ ಧರ್ಮಸಭೆಯ ಕ್ಯಾಲೆಂಡರ್ ಒಂದು ಇರಲಿ. ಅದನ್ನು ನೋಡಿ ಹಬ್ಬ, ಉಪವಾಸದ ದಿನಗಳನ್ನು ಹೇಳುವ ಕೆಲಸವನ್ನು ಮನೆಯ ಒಂದು ಮಗುವಿಗೆ ಒಪ್ಪಿಸಿ. ಮಕ್ಕಳಿಗೆ ಹೊಣೆ ಕೊಟ್ಟರೆ ಹೆಮ್ಮೆಯಿಂದ ಮಾಡುತ್ತಾರೆ. ಪಶ್ಚಾತ್ತಾಪದ ಪ್ರಾರ್ಥನೆಯನ್ನು ಎಲ್ಲರೂ ಕಲಿತಿರಬೇಕು. ಶಿಕ್ಷೆಯ ಭಯದಿಂದಲ್ಲದೆ ದೇವರ ಮೇಲಿನ ಪ್ರೀತಿಯಿಂದ ಪಾಪಕ್ಕಾಗಿ ದುಃಖಿಸಿ, ಅವಕಾಶ ದೊರೆತ ಕೂಡಲೇ ಪಾಪನಿವೇದನೆ ಮಾಡುವೆನೆಂದು ನಿಶ್ಚಯಿಸಿದವನಿಗೆ, ಗುರುಗಳು ಸಿಗದ ಹೊತ್ತಿನಲ್ಲೂ ಕ್ಷಮೆ ದೊರೆಯುತ್ತದೆಂಬುದು ಧರ್ಮಸಭೆಯ ಬೋಧನೆ. 2020ರ ಮಾರ್ಚ್‌ನಲ್ಲಿ ಜಗದ್ಗುರು ಫ್ರಾನ್ಸಿಸರು ಇದನ್ನೇ ಜನರಿಗೆ ನೆನಪಿಸಿದ್ದರು.

ಕಡೆಯದಾಗಿ, ನೀರಿನವನ ಕೆಲಸ. ಇದನ್ನು ನಮ್ಮ ಹಿರಿಯರಿಗೆ ಹಿಂದೆ ಧರ್ಮೋಪದೇಶದಲ್ಲಿ ಕಲಿಸುತ್ತಿದ್ದರು. ಈಗ ಕೇಳಿದರೆ ಉಪದೇಶಿಗಳೂ ತಡವರಿಸುತ್ತಾರೆ. ಆದ್ದರಿಂದ ಈ ವಾರ ಮನೆಯ ಪ್ರಾರ್ಥನೆಯ ನಂತರ ದೊಡ್ಡವರೊಬ್ಬರು ಎಲ್ಲರಿಗೂ ಹೇಳಿಕೊಡಿ. ಹುಟ್ಟಿದ ಕೂಸು ಸಾಯುವ ಸ್ಥಿತಿಯಲ್ಲಿದ್ದು, ಗುರುಗಳನ್ನು ಕರೆತರಲು ಸಮಯವಿಲ್ಲದಿದ್ದರೆ, ಧರ್ಮಸಭೆ ಮಾಡುವುದನ್ನೇ ಮಾಡುತ್ತಿದ್ದೇನೆಂಬ ಉದ್ದೇಶವಿರುವ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು: ತಾಯಿ, ಅಜ್ಜಿ, ಆಸ್ಪತ್ರೆಯ ದಾದಿ, ಯಾರೇ ಆಗಲಿ. ಶುದ್ಧ ನೀರು ಸಾಕು, ತೀರ್ಥವೇ ಆಗಬೇಕೆಂದಿಲ್ಲ. ಕೂಸಿನ ಹೆಸರು ಹಿಡಿದು ಕರೆದು, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆಂದು ಹೇಳುತ್ತಾ ಹಣೆಯ ಮೇಲೆ ನೀರು ಹರಿಯುವಂತೆ ಮೂರು ಸಲ ಹೊಯ್ಯಬೇಕು. ಮಾತೂ ನೀರೂ ಒಟ್ಟಿಗೆ ಸಾಗಬೇಕು. ಮಾತು ಒಬ್ಬರದು, ನೀರು ಇನ್ನೊಬ್ಬರದು ಆಗಬಾರದು. ದೇವರ ದಯೆಯಿಂದ ಕೂಸು ಬದುಕಿದರೆ ಮತ್ತೆ ಜ್ಞಾನಸ್ನಾನ ಕೊಡುವುದಿಲ್ಲ, ಉಳಿದ ವಿಧಿಗಳನ್ನು ದೇವಾಲಯದಲ್ಲಿ ಪೂರೈಸಲಾಗುತ್ತದೆ. ಬದುಕಲಿ, ಬದುಕದಿರಲಿ, ದಿನಾಂಕವನ್ನೂ ನೀರು ಹೊಯ್ದವರ ಹೆಸರನ್ನೂ ಚೀಟಿಯಲ್ಲಿ ಬರೆದು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಲುಪಿಸಿ. ಅವರು ಅದನ್ನು ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.